ಸ್ಕೀ ಬೈಂಡಿಂಗ್‌ನ ಸ್ಕ್ರೂ ಸುಮ್ನೆ ತಿರುಗಿದರೆ: ನಾಲ್ಕು ರಿಪೇರಿ ಮಾಡಿ ನೋಡಿದೆ, ನನ್ನ ಓಟು ಅರಾಲ್ಡೈಟ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗವೇ ಬೈಂಡಿಂಗ್. ಅದನ್ನು ಕೂರಿಸುವ ತೂತಿನಲ್ಲಿ ಥ್ರೆಡ್ (ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೀರು) ಹೋಗಿ ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ (ಎರಡು ಟ್ಯೂಬಿನದನ್ನು ಕಲಸಿ ಹಾಕುವ ಎಪಾಕ್ಸಿ ಅಂಟು) ಮತ್ತು ಒಂದು ಚಿಟಿಕೆ ಸ್ಟೀಲ್ ವುಲ್ (ಸಣ್ಣ ಸ್ಟೀಲ್ ಎಳೆಗಳ ನಾರು) ಹಾಕಿ. ನಾಲ್ಕು ದಾರಿ ಹಿಡಿದು ನೋಡಿದ ಮೇಲೆ ನನ್ನ ಸ್ಕೀಯಲ್ಲಿ ಉಳಿದದ್ದು ಇದೊಂದೇ. ಮಿಕ್ಕವು ನನಗೆ ಯಾಕೆ ಆಗಿಬರಲಿಲ್ಲ, ಯಾರಿಗೆ ಆಗಿಬರಬಹುದು ಅನ್ನೋದನ್ನೂ ಬರೆದಿದ್ದೇನೆ.

ಬೆಂಗಳೂರಿನವನಿಗೆ ಸ್ಕೀ ಯಾಕೆ ಅಂತ ಕೇಳುವವರು ಇದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ದೇಶವನ್ನೇ ಪ್ರತಿನಿಧಿಸಿದ್ದಾರೆ. ಹಿಮ ಬೀಳದ ನಾಡಿನವರಿಗೂ ಇದು ದೂರದ ಮಾತಲ್ಲ ಅಂತ ನನಗೆ ಧೈರ್ಯ ಬಂದಿದ್ದು ಅವರನ್ನು ನೋಡಿಯೇ. ನಾನು ಪ್ರತಿ ಫೆಬ್ರವರಿಯಲ್ಲಿ ಎಂಟು ದಿನ ಗುಲ್ಮಾರ್ಗ್‌ಗೆ ಹೋಗುತ್ತೇನೆ. ಐದು ವರ್ಷ ಬಾಡಿಗೆ ಸ್ಕೀಯಲ್ಲೇ ಕಳೆದೆ. ಆಮೇಲೆ ಅಮೆರಿಕದಲ್ಲಿರುವ ಭಾವ ರಜೆಗೆ ಬರುವಾಗ ಒಂದು ಸೆಕೆಂಡ್ ಹ್ಯಾಂಡ್ ಸ್ಕೀ ಜೋಡಿ, ಅದಕ್ಕೆ ಬೇರೆ ಕಡೆಯಿಂದ ಕೊಂಡ ಬೈಂಡಿಂಗ್, ಎರಡನ್ನೂ ತಂದುಕೊಟ್ಟರು. ಅವನ್ನು ಕೂರಿಸಿಕೊಡುವ ಅಂಗಡಿ ನನಗೆ ಇಲ್ಲಿ ಸಿಗಲಿಲ್ಲ. ಮನೆಯ ಊಟದ ಮೇಜಿನ ಮೇಲೆ ನಾನೇ ಶುರು ಮಾಡಿದೆ.

ಬೈಂಡಿಂಗ್ ಬೂಟನ್ನು ಸ್ಕೀಗೆ ಹಿಡಿದಿಡಬೇಕು, ಬಿದ್ದಾಗ ಕಾಲು ಮುರಿಯದ ಹಾಗೆ ಬಿಟ್ಟೂ ಬಿಡಬೇಕು. ನನ್ನದರಲ್ಲಿ ಒಂದೊಂದು ಸ್ಕೀಗೆ ಎಂಟು ಸ್ಕ್ರೂ. ಪ್ರತಿಯೊಂದೂ ಹಲಗೆಯೊಳಗೆ ಇಳಿಯೋದು ಸುಮಾರು 9 ಮಿ.ಮೀ. ಮಾತ್ರ. ಮೈಭಾರ, ಇಳಿಜಾರಿನ ವೇಗ, ತಿರುವಿನ ಎಳೆತ ಎಲ್ಲಾ ಆ 9 ಮಿ.ಮೀ. ಮೇಲೆ ನಿಂತಿರುತ್ತೆ. ಅದಕ್ಕೇ ಒಂದೇ ಒಂದು ಸ್ಕ್ರೂ ಕೈಕೊಟ್ಟರೂ "ಇನ್ನೂ ಏಳು ಇದೆಯಲ್ಲ" ಅಂತ ಬಿಡೋ ಹಾಗಿಲ್ಲ.

ಅಳತೆ ಹಾಳೆಯ ಬಗ್ಗೆ ಒಂದು ಮಾತು. ತೂತು ಎಲ್ಲಿ ಬರಬೇಕು ಅಂತ ತೋರಿಸುವ ಕಾಗದವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಪುಟಕ್ಕೆ ಹೊಂದಿಸಲು ಮೆಷೀನು ಅದನ್ನು ಚೂರು ಚಿಕ್ಕದು ಮಾಡಿಬಿಟ್ಟಿತ್ತು. ಹಾಳೆಯ ಅಂಚಿನಲ್ಲಿರುವ 10 ಸೆಂ.ಮೀ. ಗೆರೆಯ ಮೇಲೆ ಸ್ಕೇಲ್ ಇಟ್ಟು ನೋಡಿದ್ದರಿಂದ ಬಚಾವಾದೆ. ಡ್ರಿಲ್ ಬಿಟ್ ಯಾವ ಅಳತೆಯದ್ದು ಅನ್ನೋದು ಸಾಮಾನ್ಯವಾಗಿ ಸ್ಕೀ ಮೇಲೇ ಅಚ್ಚಾಗಿರುತ್ತೆ. ಒಳಗೆ ಲೋಹದ ಪದರ ಇಲ್ಲದಿದ್ದರೆ 3.6 ಮಿ.ಮೀ., ಇದ್ದರೆ 4.1. ನನ್ನದು ಬರೀ ಮರದ ಒಡಲು. ಎಸ್.ಪಿ. ರೋಡ್‌ನಲ್ಲಿ ನನಗೆ ಸಿಕ್ಕಿದ್ದು 3.5, ಅದರಲ್ಲೇ ಕೊರೆದೆ. ಬಿಟ್ ಹೆಚ್ಚು ಆಳಕ್ಕೆ ಇಳಿದರೆ ಸ್ಕೀಯ ತಳವೇ ತೂತಾಗುತ್ತೆ. ಅದಕ್ಕೆ ಬಿಟ್‌ಗೆ ಹಾಕುವ ತಡೆಬಳೆಯನ್ನೂ ಅಲ್ಲೇ ಕೊಂಡೆ.

ಇನ್ನು ನನ್ನ ಎರಡು ವಾರ ತಿಂದ ವಿಷಯಕ್ಕೆ ಬರುತ್ತೇನೆ.

ಬಲಗಾಲಿನ ಸ್ಕೀ, ಹಿಮ್ಮಡಿ ಭಾಗದ ನಾಲ್ಕನೇ ತೂತು. ಮಿಕ್ಕ ಏಳರಲ್ಲೂ ಬಿಟ್ ಜೊತೆ ಬಂದ ಪುಡಿ ಹೊಸ ಮರದ ಹಾಗೆ ಬಿಳಿಯಾಗಿತ್ತು. ಇದರಲ್ಲಿ ಮಾತ್ರ ಕಂದು ಪುಡಿ ಬಂತು. ಬೆರಳಲ್ಲಿ ತಿಕ್ಕಿದರೆ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಹಾಗೆ ಅಂಟಿತು. ಅಲ್ಲೇ ಕೆಲಸ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಡ್ರಿಲ್ ಮೆಷೀನಿನಲ್ಲೇ ಸ್ಕ್ರೂ ಇಳಿಸಿದೆ. ಬಿಗಿಯಾಯಿತು, ಇನ್ನೊಂದು ಚೂರು ಅಂತ ಒತ್ತಿದೆ. ಒಳಗಿಂದ ಟಕ್ ಅಂತ ಸಣ್ಣ ಶಬ್ದ. ಆಮೇಲೆ ಸ್ಕ್ರೂ ಹಗುರವಾಗಿ, ಬೆರಳ ತುದಿಯಲ್ಲೇ ತಿರುಗಿಸುವಷ್ಟು ಹಗುರವಾಗಿ ತಿರುಗತೊಡಗಿತು. ಬೈಂಡಿಂಗ್ ತೆಗೆದು ನೋಡಿದರೆ ತೂತಿನ ಸುತ್ತ ಸ್ಕೀಯ ಮೇಲ್ಪದರ ಪುಟ್ಟ ಹುತ್ತದ ಹಾಗೆ ಎದ್ದು ನಿಂತಿತ್ತು.

ಕಾರಣ ಆಮೇಲೆ ಗೊತ್ತಾಯಿತು. ಅದರ ಪಕ್ಕದಲ್ಲೇ, 6 ಮಿ.ಮೀ. ದೂರಕ್ಕೆ, ಹಳೇ ಬೈಂಡಿಂಗ್‌ನ ಒಂದು ತೂತಿತ್ತು. ಎರಡು ತೂತುಗಳ ನಡುವೆ ಹತ್ತಿರ ಹತ್ತಿರ 1 ಸೆಂ.ಮೀ. ಬಿಡಬೇಕು ಅನ್ನೋದು ಈ ಕೆಲಸ ಬಲ್ಲವರ ಲೆಕ್ಕ. ಜೊತೆಗೆ ಆ ಹಳೇ ತೂತಿಗೆ ಅಂಟು ಹಾಕದೆ ಬರೀ ಪ್ಲಾಸ್ಟಿಕ್ ಬಿರಡೆ ಒತ್ತಿದ್ದರು. ಹಿಮ ಕರಗಿದ ನೀರು ಸಂದಿನಲ್ಲಿ ಇಳಿದು ಒಳಗಿನ ಮರ ಮೆತ್ತಗಾಗಿತ್ತು. ಸೆಕೆಂಡ್ ಹ್ಯಾಂಡ್ ಸ್ಕೀ ಕೊಳ್ಳುವವರು ಬಿರಡೆ ಕಿತ್ತು, ಒಂದು ಕಡ್ಡಿ ಹಾಕಿ ಒಳಗಿನ ಮರ ಗಟ್ಟಿ ಇದೆಯಾ ಅಂತ ಚುಚ್ಚಿ ನೋಡಿ. ದಯವಿಟ್ಟು ನೋಡಿ. ಅಂಚು, ಗೀರು, ಬಣ್ಣ ಎಲ್ಲಾ ಆಮೇಲೆ.

ವಿಮಾನಪುರದ ಹತ್ತಿರ ನಮ್ಮ ಮಾವ ಇದ್ದಾರೆ. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಸ್ಕೀ ಹೊತ್ತುಕೊಂಡು ಅವರ ಮನೆಗೆ ಹೋದೆ. ಕನ್ನಡಕ ಏರಿಸಿ ತೂತು ನೋಡಿದರು.

"ಮೆಷೀನಲ್ಲಿ ಟೈಟ್ ಮಾಡಿದ್ಯೇನೋ?"

"ಹೌದು ಮಾವ."

"ಸ್ಕ್ರೂ ಸಾಕು ಅನ್ನೋದು ಕೈಗೆ ಗೊತ್ತಾಗತ್ತೆ ಕಣೋ. ಮೆಷೀನ್‌ಗೆ ಎಲ್ಲಿ ಗೊತ್ತಾಗಬೇಕು? ಈಗ ಇದನ್ನ ಮುಟ್ಬೇಡ. ಹಳೇ ತೂತುಗಳು ಸುಮ್ನೆ ಖಾಲಿ ಬಿದ್ದಿವೆಯಲ್ಲ, ಏನು ಮಾಡೋದಿದ್ರೂ ಮೊದಲು ಅದರಲ್ಲಿ ಮಾಡಿ ನೋಡು."

ಈ ಮಾತೇ ನನ್ನನ್ನು ಕಾಪಾಡಿದ್ದು. ಹಳೇ ಬೈಂಡಿಂಗ್‌ನ ನಾಲ್ಕು ತೂತು ಆರಿಸಿ, ಒಂದೊಂದರ ಥ್ರೆಡ್ಡನ್ನು ಬೇಕೆಂದೇ ಕೆಡಿಸಿ, ಒಂದೊಂದು ರಿಪೇರಿ ಮಾಡಿದೆ. ಪರೀಕ್ಷೆ ಎಲ್ಲಕ್ಕೂ ಒಂದೇ. ಮೇಲೆ ಕಬ್ಬಿಣದ ಪಟ್ಟಿ ಇಟ್ಟು ಕೈಯಿಂದ ಬಿಗಿ ಮಾಡೋದು. ಸಾಕು ಅನ್ನಿಸಿದ ಮೇಲೂ ಕಾಲು ಸುತ್ತು. ಆಮೇಲೆ ಒಂದು ರಾತ್ರಿ ಒದ್ದೆ ಬಟ್ಟೆ ಹೊದಿಸಿಟ್ಟು, ಬೆಳಿಗ್ಗೆ ಮತ್ತೆ ಕಾಲು ಸುತ್ತು. ಹಿಮದಲ್ಲಿ ಓಡುವ ವಸ್ತುವಿಗೆ ನೀರಿನ ಪರೀಕ್ಷೆ ಮಾಡದಿದ್ದರೆ ಹೇಗೆ, ಅಲ್ವಾ?

ಮೊದಲನೆಯದು ಬಡಗಿಗಳ ದಾರಿ. ಬೀರುವಿನ ಬಾಗಿಲು ಸಡಿಲವಾದರೆ ತೂತಿಗೆ ಬೆಂಕಿಕಡ್ಡಿ ತುರುಕಿ, ಬಿಳಿ ಗಮ್ ಹಾಕಿ, ಸ್ಕ್ರೂ ಹೊಡೆಯುತ್ತಾರೆ. ನಾನು ಊದಿನಕಡ್ಡಿಯ ಬಿದಿರು ಹಾಕಿದೆ. ಪೂಜೆ ಮುಗಿದ ಮೇಲೆ ಉಳಿಯುವ ತುಂಡು ಮನೆಯಲ್ಲಿ ಬೇಕಾದಷ್ಟಿರುತ್ತೆ, ಬೆಂಕಿಕಡ್ಡಿಗಿಂತ ಗಟ್ಟಿ. ಒಣಗಿದ ಮೇಲೆ ಮೊದಲ ಬಿಗಿ ಎಷ್ಟು ಚೆನ್ನಾಗಿ ಬಂತೆಂದರೆ, ಇದೇ ಸಾಕು ಅಂದುಕೊಂಡೆ. ಒದ್ದೆ ಬಟ್ಟೆಯ ರಾತ್ರಿ ಕಳೆದ ಮೇಲೆ ಗಮ್ ಮತ್ತೆ ಹಾಲಿನ ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕಾಲು ಸುತ್ತಿಗೆ ಸ್ಕ್ರೂ ಕಡ್ಡಿಗಳ ಸಮೇತ ತಿರುಗಿತು. ಅಡುಗೆಮನೆಯ ಬಾಗಿಲಿಗೆ ಇವತ್ತೂ ಇದನ್ನೇ ಮಾಡುತ್ತೇನೆ. ಸ್ಕೀಗೆ ಖಂಡಿತಾ ಇಲ್ಲ.

ಎರಡನೆಯದು ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ. ಕಲಸಿ, ತೂತಿಗೆ ತುಂಬಿ, ಸ್ಕ್ರೂ ನೇರ ಮಾಡುವ ಹೊತ್ತಿಗೆ ಅದು ಕೈಯಲ್ಲೇ ದಾರ ಎಳೆಯತೊಡಗಿತ್ತು. ನೀರಿಗೇನೋ ತಡೆಯಿತು. ಆದರೆ ಒಮ್ಮೆ ಬಿಚ್ಚಿ ಮತ್ತೆ ಹಾಕುವಾಗ ಅಂಚು ಪುಡಿಪುಡಿಯಾಗಿ ಉದುರಿತು. ಬೇಡ.

ಮೂರನೆಯದು ಹೆಲಿಕಾಯಿಲ್. ಇದನ್ನು ಮಾವನೇ ಕೂತು ಮಾಡಿದರು, ಅದನ್ನು ನೋಡುವುದೇ ಒಂದು ಖುಷಿ. ಹೆಲಿಕಾಯಿಲ್ ಅಂದರೆ ಸ್ಟೀಲ್ ತಂತಿಯ ಪುಟ್ಟ ಸುರುಳಿ. ಥ್ರೆಡ್ ಹೋದ ತೂತನ್ನು ದೊಡ್ಡದು ಮಾಡಿ, ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹಾಕಿ, ಸುರುಳಿಯನ್ನು ಒಳಗೆ ತಿರುಗಿಸಿ ಕೂರಿಸಿದರೆ ಅದೇ ಹೊಸ ಥ್ರೆಡ್. ವಿಮಾನದ ಕೆಲಸದಲ್ಲಿ ಅಲ್ಯೂಮಿನಿಯಂ ಭಾಗಗಳಿಗೆ ಇದನ್ನು ಬಹಳ ಬಳಸುತ್ತಾರೆ. ಮಾವ ಎಂ5 (5 ಮಿ.ಮೀ. ಬೋಲ್ಟಿನ ಅಳತೆ) ಸುರುಳಿಗೆ 5.2 ಮಿ.ಮೀ. ತೂತು ಕೊರೆದರು. ಸುರುಳಿ ಕೂರಿಸುವ ಸಾಧನವನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದೇ ಸುತ್ತು ಇಳಿಸಿದರು. ಕೊನೆಗೆ ತುದಿಯ ಕೊಂಡಿಯನ್ನು ಒಂದೇ ಪೆಟ್ಟಿಗೆ ಮುರಿದು ಕೆಳಗೆ ಉದುರಿಸಿದರು. ಎಂಬತ್ತರ ಹತ್ತಿರದ ಕೈ, ಒಂದು ಚೂರೂ ನಡುಗಲಿಲ್ಲ.

ಬಿಗಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಎರಡೂ ಪರೀಕ್ಷೆ ಪಾಸು. ಆದರೆ ತೊಂದರೆ ಬೇರೆ ಕಡೆ ಇದೆ. ಬೈಂಡಿಂಗ್ ಜೊತೆ ಬಂದ 5.5 ಮಿ.ಮೀ. ಸ್ಕ್ರೂ ಇದಕ್ಕೆ ಹೋಗಲ್ಲ, ಎಂ5 ಬೋಲ್ಟ್ ಬೇಕು. ಬೋಲ್ಟಿನ ತಲೆ ಬೈಂಡಿಂಗ್‌ನ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಉದ್ದ ಜಾಸ್ತಿಯಾದರೆ ಗರಗಸದಲ್ಲಿ ಕತ್ತರಿಸಿ ಅರ ಹಾಕಬೇಕು, ಇಲ್ಲದಿದ್ದರೆ ತಳದಲ್ಲಿ ಉಬ್ಬು ಏಳುತ್ತೆ. ಎಪಾಕ್ಸಿ ಹಚ್ಚದೆ ಕೂರಿಸಿದರೆ ಬೋಲ್ಟ್ ಬಿಚ್ಚುವಾಗ ಸುರುಳಿಯೂ ಅದರ ಜೊತೆಗೇ ಎದ್ದು ಬರುತ್ತೆ. ಅಂದರೆ ಎಪಾಕ್ಸಿ ಇಲ್ಲೂ ತಪ್ಪಲಿಲ್ಲ. ಎಲ್ಲಕ್ಕಿಂತ ಮುಖ್ಯ, ನನ್ನ ಕೆಟ್ಟ ತೂತಿನ ಪಕ್ಕ 6 ಮಿ.ಮೀ.ಗೇ ಇನ್ನೊಂದು ತೂತಿದೆ. ಅಲ್ಲಿ ಇನ್ನಷ್ಟು ಮರ ತೆಗೆಯಲು ನನಗೆ ಮನಸ್ಸು ಬರಲಿಲ್ಲ. "ಇದು ಅಲ್ಯೂಮಿನಿಯಂಗೆ ಮಾಡಿದ್ದು. ಮೆತ್ತಗಿನ ಮರಕ್ಕೆ ಬೇಡ ಬಿಡು" ಅಂತ ಮಾವನೂ ಹೇಳಿದರು.

ಇನ್ನು ನನ್ನ ಆಯ್ಕೆ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯಲ್ಲ, ಹಾಗಾಗಿ ಮೊದಲು ನಾಲ್ಕು ದಿನ ಸ್ಕೀಯನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟೆ. ಮೆತ್ತಗಿನ ಮರವನ್ನು ಸೂಜಿಯಿಂದ ಕೆರೆದು ತೆಗೆದೆ. ಎದ್ದಿದ್ದ ಹುತ್ತವನ್ನು ಬ್ಲೇಡಿನಲ್ಲಿ ಸಮ ಮಾಡಿದೆ, ಇಲ್ಲದಿದ್ದರೆ ಬೈಂಡಿಂಗ್ ಅದರ ಮೇಲೆ ಅಲುಗಾಡುತ್ತಾ ಕೂರುತ್ತೆ. ಅರಾಲ್ಡೈಟ್‌ನ ಎರಡು ಟ್ಯೂಬಿನಿಂದ ಸಮ ಸಮ ತೆಗೆದು ಎರಡು ನಿಮಿಷ ಕಲಸಿದೆ. ಗಾಳಿಗುಳ್ಳೆ ನಿಲ್ಲದ ಹಾಗೆ ಕಡ್ಡಿಯಿಂದ ತೂತಿನ ತಳದಿಂದ ಮೇಲಕ್ಕೆ ತುಂಬಿದೆ. ಆಮೇಲೆ ಸ್ಟೀಲ್ ವುಲ್. ಮೊದಲ ಸಲ ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಎರಡೆಳೆ ಕಿತ್ತು ಹಾಕಿದ್ದೆ. ಅದು ಪಟ್ಟಿಪಟ್ಟಿಯಾಗಿ ದಪ್ಪ ಇರುತ್ತೆ, ಸ್ಕ್ರೂವನ್ನೇ ಓರೆ ಮಾಡಿತು. ಪಾಲಿಶ್ ಕೆಲಸಕ್ಕೆ ಬಳಸುವ, ಕೂದಲಿನಷ್ಟು ಸಣ್ಣ ಎಳೆಯದೇ ಬೇಕು. ಎಳ್ಳಿನುಂಡೆಯಷ್ಟಲ್ಲ, ಎಳ್ಳಿನ ನಾಲ್ಕು ಕಾಳಿನಷ್ಟು ಸಾಕು. ಅದನ್ನು ಒಳಗೆ ಒತ್ತಿ, ಸ್ಕ್ರೂವನ್ನು ಕೈಯಿಂದ ಇಳಿಸಿ, ಹೊರಗೆ ಬಂದದ್ದನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ, ಎರಡು ರಾತ್ರಿ ಮುಟ್ಟದೆ ಬಿಟ್ಟೆ. ಡಿಸೆಂಬರ್‌ನ ಬೆಂಗಳೂರು ಚಳಿಗೆ ಒಂದು ರಾತ್ರಿ ಸಾಲದು.

ಪರೀಕ್ಷೆಯ ತೂತಿನಲ್ಲಿ ಬಿಗಿ, ನೀರು ಎರಡೂ ಪಾಸು. ನನಗೆ ಇದ್ದ ದೊಡ್ಡ ಭಯ ಬೇರೆ: ಮುಂದೆ ಬಿಚ್ಚಬೇಕಾದರೆ? ಸಾಲ್ಡರಿಂಗ್ ಐರನ್ ಬಿಸಿ ಮಾಡಿ ಸ್ಕ್ರೂ ತಲೆಯ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿದೆ. ಶಾಖ ಇಳಿದು ಎಪಾಕ್ಸಿ ಮೆತ್ತಗಾಯಿತು, ಸ್ಕ್ರೂ ಮೆಲ್ಲಗೆ ತಿರುಗಿ ಹೊರಬಂತು. ತೂತಿನ ಗೋಡೆಯಲ್ಲಿ ಹೊಸ ಥ್ರೆಡ್, ಗಾಜಿನಲ್ಲಿ ಕೊರೆದ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಕ್ಷಣಕ್ಕೇ ನನ್ನ ತೀರ್ಮಾನ ಆಗಿಹೋಯಿತು. ಅಸಲಿ ತೂತಿಗೂ ಅದನ್ನೇ ಮಾಡಿದೆ.

ತೂತಿನೊಳಗೆ ಕೂರಿಸುವ, ಥ್ರೆಡ್ ಇರುವ ಸ್ಟೀಲ್ ಇನ್ಸರ್ಟ್‌ಗಳೂ ಇವೆ. ಒಂದೇ ಬೈಂಡಿಂಗನ್ನು ಎರಡು ಮೂರು ಸ್ಕೀಗೆ ಬದಲಾಯಿಸುವವರಿಗೆ ಅದೇ ಸರಿ. ನನ್ನ ಹತ್ತಿರ ಇರೋದು ಒಂದೇ ಜೋಡಿ. ಅದರ ಟ್ಯಾಪ್, ಸಾಧನ, ಹೊರದೇಶದ ಸಾಗಣೆ, ಕಸ್ಟಮ್ಸ್ ಎಲ್ಲಾ ಕೂಡಿದರೆ ನಾನು ಸ್ಕೀಗೆ ಕೊಟ್ಟ ಹಣವನ್ನೇ ಮೀರುತ್ತಿತ್ತು. ಕೊಳ್ಳಲಿಲ್ಲ. ಬೈಂಡಿಂಗನ್ನೇ 1 ಸೆಂ.ಮೀ. ಮುಂದೆ ಸರಿಸಿ ಹೊಸದಾಗಿ ಕೊರೆಯುವ ದಾರಿಯೂ ಇದೆ. ಆಗಲೇ ಜರಡಿಯಾಗಿದ್ದ ಹಲಗೆಗೆ ಇನ್ನೆಂಟು ತೂತು ಬೇಡ ಅನ್ನಿಸಿತು.

ಸ್ಕ್ರೂ ತಲೆ ಸವೆಯುವುದು ಬೇರೆ ಕಾಯಿಲೆ. ಈ ಸ್ಕ್ರೂಗಳ ತಲೆ ಮಾಮೂಲಿ ನಕ್ಷತ್ರದ ಹಾಗೆ ಕಂಡರೂ ಅಲ್ಲ, ಪೋಜಿಡ್ರೈವ್ 3. ಕೂಡುಗೆರೆಗಳ ನಡುವೆ ನಾಲ್ಕು ಸಣ್ಣ ಗೀಟು ಇರುತ್ತೆ, ಅದೇ ಗುರುತು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಜಾರಿ ತಲೆ ಬೋಳಾಗುತ್ತೆ. ಸರಿಯಾದ ಬಿಟ್ ಎಸ್.ಪಿ. ರೋಡ್‌ನಲ್ಲಿ ಒಂದು ಕಾಫಿ ದುಡ್ಡಿಗೆ ಸಿಕ್ಕಿತು.

ಖರ್ಚು ಹೇಳಬೇಕೆಂದರೆ, ಅಂಟು ಮತ್ತು ಸ್ಟೀಲ್ ವುಲ್ ಎರಡಕ್ಕೂ ಸೇರಿ ಇನ್ನೂರೈವತ್ತು ರೂಪಾಯಿ ದಾಟಲಿಲ್ಲ. ವರ್ಷಕ್ಕೆ ಎಂಟು ದಿನ ಸ್ಕೀ ಮಾಡುವ, ಬೈಂಡಿಂಗ್ ಬದಲಾಯಿಸದ, ಹತ್ತಿರದಲ್ಲಿ ರಿಪೇರಿ ಅಂಗಡಿ ಇಲ್ಲದ ನನ್ನಂಥವರಿಗೆ ಬೇಕಾದದ್ದು ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ. ವಾರಕ್ಕೊಮ್ಮೆ ಹಿಮಕ್ಕೆ ಹೋಗುವವರ ಲೆಕ್ಕ ಬೇರೆ ಇರಬಹುದು. ಆದರೆ ಯಾವ ದಾರಿ ಹಿಡಿದರೂ, ಬೂಟು ಸರಿಯಾದ ಒತ್ತಡಕ್ಕೆ ಬಿಡುತ್ತಾ ಅಂತ ಬಲ್ಲವರ ಹತ್ತಿರ ನೋಡಿಸದೆ ಇಳಿಜಾರಿಗೆ ಇಳಿಯಬೇಡಿ. ಗುಲ್ಮಾರ್ಗ್‌ನಲ್ಲಿ ನಾನು ಮೊದಲ ದಿನ ಬೆಳಿಗ್ಗೆ ಮಾಡಿಸಿದ್ದು ಅದೇ ಕೆಲಸ.

ಹೊರಡುವ ಮೊದಲು ಎರಡೂ ಸ್ಕೀಯ ಹದಿನಾರೂ ಸ್ಕ್ರೂಗಳ ತಲೆಯಿಂದ ಬೈಂಡಿಂಗ್ ಮೇಲೆ ಹಾಯುವ ಹಾಗೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತೆ. ದಿನಾ ಸಂಜೆ ರೂಮಿಗೆ ಬಂದು ಹಿಮ ಒರೆಸಿ ಅದನ್ನೇ ಮೊದಲು ನೋಡುತ್ತಿದ್ದೆ. ಎಂಟು ದಿನವೂ ನಾಲ್ಕನೇ ಸ್ಕ್ರೂವಿನ ಗೆರೆ ನೆಟ್ಟಗಿತ್ತು. ಸಡಿಲವಾಗಿದ್ದು ಎಡ ಸ್ಕೀಯ ಮುಂಭಾಗದ ಒಂದು ಸ್ಕ್ರೂ, ನಾನು ಅಂಟೇ ಹಾಕದೆ ಬಿಟ್ಟಿದ್ದು. ಈ ದೀಪಾವಳಿ ರಜೆಯಲ್ಲಿ ಅದನ್ನು ಬಿಚ್ಚಬೇಕು. ಡ್ರಿಲ್ ಮೆಷೀನು ಮನೆಯಲ್ಲೇ ಬಿಟ್ಟು ಬಾ ಅಂತ ಮಾವ ಈಗಲೇ ಹೇಳಿದ್ದಾರೆ.