ತುಕ್ಕಿನ ಚುಕ್ಕೆಗಳಿಗೆ ಮೊದಲು ದ್ರಾವಣ, ಆಮೇಲೆ ಕ್ಲೇ

ಹುಬ್ಬಳ್ಳಿಯಲ್ಲಿ ರೈಲು ಹಳಿಗೆ ಹತ್ತಿಕೊಂಡೇ ಇರುವ ಸೋದರಮಾವನ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಹೆಚ್ಚುಕಡಿಮೆ ಮೂರು ವರ್ಷ ನಿಂತೇ ಇದ್ದ ಬಿಳಿ ಸ್ವಿಫ್ಟ್ ಕಾರು ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಪಾಲಿಗೆ ಬಂತು. ಎರಡು ಸಲ ಶಾಂಪೂ ಹಾಕಿ ತೊಳೆದ ಮೇಲೂ ಬಾನೆಟ್, ಮೇಲ್ಛಾವಣಿ ಮತ್ತು ಡಿಕ್ಕಿಯ ಬಾಗಿಲಿನ ಮೇಲೆ ಸಾಸಿವೆಗಿಂತ ಸಣ್ಣದಾದ ಕಂದು ಚುಕ್ಕೆಗಳು ನೂರಾರು ಸಂಖ್ಯೆಯಲ್ಲಿ ಹಾಗೆಯೇ ಉಳಿದಿದ್ದವು. ಕೈಯಾಡಿಸಿದರೆ ರವೆ ಅಂಟಿಸಿದ ತಟ್ಟೆಯ ಹಾಗೆ ತರಿತರಿಯಾಗಿತ್ತು. ಮಾವನಂತೂ "ತುಕ್ಕ ಹಿಡದೈತಿ ಬಿಡಪಾ, ಇನ್ನ ಪೇಂಟ್ ಹೊಡಸೂದ ದಾರಿ" ಎಂದು ಕೈಚೆಲ್ಲಿದ್ದರು. ಪೇಂಟ್ ಹೊಡೆಸದೆಯೇ ಆ ಕಾರನ್ನು ಉಳಿಸಿಕೊಟ್ಟ ಎರಡು ಸಾಮಗ್ರಿಗಳು, ಐರನ್ ರಿಮೂವರ್ ಎಂಬ ದ್ರಾವಣ ಮತ್ತು ಕ್ಲೇ ಬಾರ್ ಎಂಬ ಮೇಣದಂತಹ ಮುದ್ದೆ, ಹೇಗೆ ಕೆಲಸ ಮಾಡಿದವು, ಎಲ್ಲಿ ಕೈಕೊಟ್ಟವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಚುಕ್ಕೆಗಳು ಕಾರಿನ ತಗಡಿಗೆ ಹಿಡಿದ ತುಕ್ಕಲ್ಲ ಎಂಬುದು ಮೊದಲು ತಿಳಿದಿರಬೇಕಾದ ವಿಷಯ. ರೈಲು ಬ್ರೇಕ್ ಹಾಕಿದಾಗ ಗಾಲಿ, ಹಳಿ ಮತ್ತು ಬ್ರೇಕ್ ಬ್ಲಾಕ್‌ಗಳಿಂದ ಸವೆದು ಸಿಡಿಯುವ ಕಬ್ಬಿಣದ ಕಣಗಳು ಗಾಳಿಯಲ್ಲಿ ಹಾರಿ ಬಂದು ಬಣ್ಣದ ಮೇಲೆ ಕೂರುತ್ತವೆ, ಮಳೆ ಮತ್ತು ಇಬ್ಬನಿಯ ತೇವಕ್ಕೆ ಅಲ್ಲೇ ತುಕ್ಕು ಹಿಡಿದು ಬಣ್ಣದ ಮೇಲ್ಪದರವನ್ನು ಕಚ್ಚಿಕೊಳ್ಳುತ್ತವೆ. ಹಳಿಯ ಹತ್ತಿರ ಇಲ್ಲದ ಕಾರುಗಳಿಗೂ ತಮ್ಮದೇ ಬ್ರೇಕ್ ಡಿಸ್ಕ್‌ನ ಪುಡಿಯಿಂದ ಇದೇ ತೊಂದರೆ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಸಂಡೂರು, ಹೊಸಪೇಟೆ ಕಡೆಯ ಕೆಂಪು ಅದಿರಿನ ಧೂಳು ಬೇರೆಯೇ ಸಂಗತಿ: ಅದು ಆಗಲೇ ಆಕ್ಸೈಡ್ ರೂಪದಲ್ಲಿರುವುದರಿಂದ ಹೀಗೆ ಬಣ್ಣದ ಮೇಲೆ ಹೊಸದಾಗಿ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ, ಮತ್ತು ಆ ಕಡೆಯ ಗೆಳೆಯನೊಬ್ಬನ ಕಾರಿನಲ್ಲಿ ನಾನು ಕಂಡಂತೆ ಅದರ ಬಹುಪಾಲು ನೀರಿನ ರಭಸಕ್ಕೆ ಮತ್ತು ಶಾಂಪೂವಿಗೆ ಬಿಟ್ಟುಕೊಳ್ಳುತ್ತದೆ.

ಈ ವ್ಯತ್ಯಾಸ ತಿಳಿಯದೆ ನಾನು ಮೊದಲು ಕಾರನ್ನು ಒಂದು ವಾಟರ್ ಸರ್ವಿಸಿನವರ ಬಳಿಗೆ ಒಯ್ದೆ. ಅಲ್ಲಿನ ಹುಡುಗ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಾನೆಟ್ಟಿನ ಒಂದು ಮೂಲೆಯನ್ನು ತಿಕ್ಕಿದ. ಚುಕ್ಕೆಗಳ ತಲೆ ಮಾತ್ರ ಹಾರಿತು, ಬೇರು ಅಲ್ಲೇ ಉಳಿಯಿತು, ಜೊತೆಗೆ ಅಂಗೈಯಗಲ ಜಾಗದ ಹೊಳಪು ಪೂರ್ತಿ ಸತ್ತುಹೋಯಿತು. ಕಾರಿನ ಬಣ್ಣದ ಎಲ್ಲ ಪದರಗಳನ್ನೂ ಸೇರಿಸಿದರೆ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಗುತ್ತದೆ, ಅಂದರೆ ತಲೆಗೂದಲು ಒಂದೆರಡನ್ನು ಒತ್ತಿಟ್ಟಷ್ಟು ದಪ್ಪ. ಅಷ್ಟು ತೆಳುವಾದ ವಸ್ತುವಿನ ಮೇಲೆ ಸ್ಕ್ರಬ್ಬರ್ ಆಡಿಸುವುದನ್ನು ನೋಡುತ್ತಾ ನಿಂತದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಐರನ್ ರಿಮೂವರ್ ತಿಕ್ಕುವ ಕೆಲಸವನ್ನೇ ಕೇಳುವುದಿಲ್ಲ. ನಾನು ಕೊಂಡದ್ದು 500 ಮಿಲಿಲೀಟರಿನ ಸ್ಪ್ರೇ ಬಾಟಲಿ, ಇಡೀ ಕಾರಿಗೆ ಮತ್ತು ನಾಲ್ಕು ಗಾಲಿಗಳಿಗೆ ಅದರಲ್ಲಿ ಮುಕ್ಕಾಲು ಭಾಗ ಸಾಕಾಯಿತು. ಕಾರನ್ನು ನೆರಳಿಗೆ ನಿಲ್ಲಿಸಿ, ಬಾನೆಟ್ ಪೂರ್ತಿ ತಣ್ಣಗಾದ ಮೇಲೆ, ತೊಳೆದು ನೀರು ಬಸಿದ ಬಣ್ಣದ ಮೇಲೆ ಸಿಂಪಡಿಸಿದೆ. ಮೊದಲ ಅರ್ಧ ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದೊಂದು ಚುಕ್ಕೆಯ ಸುತ್ತಲೂ ತೆಳುವಾದ ನೇರಳೆ ಬಣ್ಣ ಹುಟ್ಟಿ, ನೋಡುನೋಡುತ್ತಿದ್ದಂತೆ ದಟ್ಟವಾಗಿ, ಡಿಕ್ಕಿಯ ಬಾಗಿಲಿನುದ್ದಕ್ಕೂ ನೇರಳೆ ಹಣ್ಣು ಹಿಂಡಿದ ಹಾಗೆ ಎಳೆಎಳೆಯಾಗಿ ಇಳಿಯತೊಡಗಿತು. ಇಂತಹ ದ್ರಾವಣಗಳಲ್ಲಿರುವ ಥಯೋಗ್ಲೈಕೊಲೇಟ್ ಎಂಬ ಲವಣವು ಕಬ್ಬಿಣದೊಂದಿಗೆ ಕೂಡಿ, ನೀರಿನಲ್ಲಿ ಕರಗುವ ಸಂಯುಕ್ತವಾಗುವುದರಿಂದ ಆ ಬಣ್ಣ ಬರುತ್ತದೆ. ಕೂದಲು ತೆಗೆಯುವ ಕ್ರೀಮುಗಳಲ್ಲೂ ಇದೇ ಬಗೆಯ ಲವಣವಿರುವುದರಿಂದ ವಾಸನೆಯೂ ಹಾಗೆಯೇ, ಕೊಳೆತ ಮೊಟ್ಟೆಯ ಹತ್ತಿರಕ್ಕೆ ಬರುತ್ತದೆ. ಕೈಗವಸು ಬೇಕು, ಗಾಳಿಯಾಡುವ ಜಾಗವೇ ಬೇಕು, ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಬಳಸಲೇಬಾರದು. ನಾಲ್ಕೈದು ನಿಮಿಷದೊಳಗೆ, ಅದು ಒಣಗುವುದಕ್ಕೆ ಮುಂಚೆಯೇ ಧಾರಾಳವಾಗಿ ನೀರು ಬಿಟ್ಟು ತೊಳೆಯಬೇಕು. ಒಂದೇ ಸುತ್ತಿಗೆ ಮುಕ್ಕಾಲು ಪಾಲು ಚುಕ್ಕೆಗಳು ಕಾಣದಾದವು, ಎರಡನೆಯ ಸುತ್ತು ಹಳೆಯ, ಆಳಕ್ಕಿಳಿದ ಚುಕ್ಕೆಗಳನ್ನೂ ಬಹುಮಟ್ಟಿಗೆ ತೆಗೆಯಿತು.

ಡಾಂಬರಿನ ಕಪ್ಪು ಹನಿಗಳಿಗೆ ಈ ದ್ರಾವಣ ಏನೂ ಮಾಡದು. ಬಾಗಿಲುಗಳ ಕೆಳಭಾಗದಲ್ಲಿದ್ದ ಅವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿದು ಒರೆಸಿ ತೆಗೆದು, ಜಿಡ್ಡು ಹೋಗುವಂತೆ ಶಾಂಪೂ ಹಾಕಿ ತೊಳೆದೆ.

ಇಷ್ಟಾದ ಮೇಲೆ ಬಣ್ಣ ಕಣ್ಣಿಗೆ ಸ್ವಚ್ಛವಾಗಿಯೇ ಕಂಡಿತು. ಆದರೆ ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ಹಾಕಿಕೊಂಡು ಬೆರಳ ತುದಿಯಿಂದ ಸವರಿದರೆ, ಬರಿಗೈಗೆ ತಿಳಿಯದ ಒರಟುತನವೆಲ್ಲ ತಿಳಿಯುತ್ತದೆ. ಆ ಉಳಿಕೆಗಾಗಿಯೇ ಕ್ಲೇ ಇರುವುದು. ನಾನು ಆರಿಸಿದ್ದು 100 ಗ್ರಾಮಿನ, ಮೃದು ದರ್ಜೆಯ ನೀಲಿ ಕ್ಲೇ. ಅದನ್ನು ಎರಡು ಭಾಗ ಮಾಡಿ, ಒಂದನ್ನು ಚಪಾತಿ ಹಿಟ್ಟಿನ ಉಂಡೆಯಂತೆ ನಾದಿ, ಅಂಗೈಯಲ್ಲಿ ಚಪ್ಪಟೆ ಮಾಡಿಕೊಂಡೆ. ಬಣ್ಣದ ಮೇಲೆ ಶಾಂಪೂ ಕಲಸಿದ ನೀರನ್ನು ಧಾರಾಳವಾಗಿ ಚಿಮುಕಿಸಿ, ಒಂದೂವರೆ ಅಡಿ ಚೌಕದಷ್ಟು ಜಾಗದಲ್ಲಿ ಮಾತ್ರ, ಭಾರ ಹಾಕದೆ, ನೇರ ಗೆರೆಯಲ್ಲಿ ಅತ್ತಿತ್ತ ಜಾರಿಸಿದೆ. ಮೊದಲು ಸರಸರ ಎಂಬ ಸದ್ದು ಬೆರಳಿಗೂ ಕಿವಿಗೂ ತಟ್ಟುತ್ತದೆ, ಏಳೆಂಟು ಸಲ ಆಡಿಸಿದ ಮೇಲೆ ಸದ್ದು ನಿಂತು ಕ್ಲೇ ತಾನಾಗಿ ಜಾರುತ್ತದೆ, ಅಲ್ಲಿಗೆ ಆ ಜಾಗದ ಕೆಲಸ ಮುಗಿದ ಹಾಗೆ. ತಿರುಗಿಸಿ ನೋಡಿದಾಗ ನೀಲಿ ಮುದ್ದೆಯ ತಳ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಒಳಮುಖವಾಗಿ ಮಡಚಿ ಹೊಸ ಮೈ ಮಾಡಿಕೊಂಡೇ ಮುಂದುವರಿಯಬೇಕು. ಮೇಲ್ಛಾವಣಿ ಮಾಡುವಾಗ ನನ್ನ ಕೈಯಿಂದ ಒಂದು ತುಂಡು ನೆಲಕ್ಕೆ ಬಿತ್ತು. ಅಂಟಿದ ಮರಳು ಬಣ್ಣವನ್ನು ಗೀರುವುದರಿಂದ ಅದನ್ನು ತೊಳೆದು ಬಳಸುವ ಯೋಚನೆಯನ್ನೂ ಮಾಡದೆ ಎಸೆದುಬಿಟ್ಟೆ. ಎರಡು ಭಾಗ ಮಾಡಿಟ್ಟುಕೊಳ್ಳಿ ಎಂದು ಹೇಳುವುದಕ್ಕೆ ಇದೇ ಕಾರಣ.

ಕ್ಲೇ ಒಂದನ್ನೇ ಕೊಂಡು, ದ್ರಾವಣದ ಖರ್ಚು ಉಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಇಷ್ಟು ಹಾಳಾದ ಬಣ್ಣದ ಮಟ್ಟಿಗೆ ನಾನು ಬೇಡವೆನ್ನುತ್ತೇನೆ. ಹಿಂದಿನ ಬಂಪರಿನ ಮೇಲೆ ನಾನೇ ಹಾಗೆ ಮಾಡಿ ನೋಡಿದೆ: ಕಿತ್ತುಬಂದ ಗಟ್ಟಿ ಕಣಗಳು ಕ್ಲೇಯ ಮೈಗಂಟಿ, ಬಿಸಿಲಿಗೆ ಹಿಡಿದರೆ ಕಾಣುವಂತಹ ನವಿರಾದ ಗೆರೆಗಳನ್ನು ಉಳಿಸಿದವು. ದ್ರಾವಣ ಹಾಕಿ ಕಣಗಳನ್ನು ಕರಗಿಸಿದ ಭಾಗಗಳಲ್ಲಿ ಅಂತಹ ಗೆರೆಗಳು ತೀರಾ ಕಡಿಮೆ. ಹಾಗಿದ್ದರೂ ಕ್ಲೇ ಆಡಿಸಿದ ಮೇಲೆ ಒಂದು ಸುತ್ತು ಲಘುವಾದ ಪಾಲಿಶ್, ಅದರ ಮೇಲೆ ವ್ಯಾಕ್ಸ್ ಹಚ್ಚಲೇಬೇಕು, ಏಕೆಂದರೆ ಮೊದಲು ಹಚ್ಚಿದ್ದ ವ್ಯಾಕ್ಸ್ ಏನಾದರೂ ಉಳಿದಿದ್ದರೆ ಅದೂ ಈ ಕೆಲಸದಲ್ಲಿ ಬಹುಪಾಲು ಹೋಗಿರುತ್ತದೆ.

ಈ ಎರಡೂ ಸೋತದ್ದು ಮೇಲ್ಛಾವಣಿಯ ಮೇಲಿನ ಕಾಗೆ ಹಿಕ್ಕೆಯ ಗುರುತುಗಳ ಮುಂದೆ. ಅವು ಬಣ್ಣದ ಮೇಲೆ ಕೂತ ಕೊಳೆಯಲ್ಲ, ಬಣ್ಣವನ್ನೇ ತಿಂದು ಮಾಡಿದ ಕುಳಿಗಳು. ಬೋರ್‌ವೆಲ್ ನೀರು ಒಣಗಿ ಉಳಿದ ಬಿಳಿ ಉಂಗುರಗಳು ಕಿಟಕಿಯ ಕೆಳಗೆ ಇದ್ದವು. ಅವಕ್ಕೆ ಸಮಪಾಲು ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ತೊಳೆದಾಗ ಹೆಚ್ಚಿನವು ಹೋದವು.

ದ್ರಾವಣ, ಕ್ಲೇ, ಪಾಲಿಶ್, ವ್ಯಾಕ್ಸ್ ಎಲ್ಲ ಸೇರಿ ನನಗಾದ ಖರ್ಚು ಎರಡು ಸಾವಿರ ರೂಪಾಯಿಯೊಳಗೆ, ಸಮಯ ಶನಿವಾರದ ಮಧ್ಯಾಹ್ನ ಮತ್ತು ಭಾನುವಾರ ಪೂರ್ತಿ. ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಕ್ಲೇ ಆಡಿಸುವ ಅಗತ್ಯ ನನಗೆ ಕಾಣಲಿಲ್ಲ, ಆದರೆ ಗಾಲಿಗಳಿಗೆ ಮೂರು ತಿಂಗಳಿಗೊಮ್ಮೆ ದ್ರಾವಣ ಸಿಂಪಡಿಸುತ್ತಿದ್ದೇನೆ. ಉಳಿದ ಅರ್ಧ ಕ್ಲೇಯನ್ನು ಶಾಂಪೂ ನೀರು ಚಿಮುಕಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಮೊನ್ನೆ ಮುಟ್ಟಿ ನೋಡಿದಾಗ ಕೊಂಡ ದಿನದಷ್ಟೇ ಮೆತ್ತಗಿತ್ತು.