ಮಂಡಿನೋವಿಗೆ ಜೇನು ಕಚ್ಚಿಸಿಕೊಂಡ 14 ತಿಂಗಳು: 5ಕ್ಕೆ 2 ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ನೋವು ಕಡಿಮೆಯಾಗಿದ್ದು ನಿಜ. ಎರಡನೇ ಸ್ಟಾರ್ ಅದಕ್ಕೆ.

ನನಗೆ 56. ಬಲ ಮಂಡಿ ಸವೆದಿದೆ. ಶಿರಸಿ ಕಡೆಯ ನಮ್ಮ ಮನೆಗೆ ರಸ್ತೆಯಿಂದ 22 ಮೆಟ್ಟಿಲು ಇಳಿಯಬೇಕು. ನೋವಿನ ಲೆಕ್ಕವನ್ನು ನಾನು ಇಡುವುದು ಅಲ್ಲೇ. ನೋವಿನ ಮಾತ್ರೆ ತಿಂದು ತಿಂದು ಹೊಟ್ಟೆ ಉರಿ ಶುರುವಾದಾಗ, ನೆಂಟರೊಬ್ಬರು ಜೇನು ಸಾಕುವವರ ಹತ್ತಿರ ಕರೆದುಕೊಂಡು ಹೋದರು. ವಾರಕ್ಕೊಂದು ಸಲ, ಸಲಕ್ಕೆ 200 ರೂಪಾಯಿ.

ಪೆಟ್ಟಿಗೆಯ ಬಾಗಿಲಲ್ಲಿ ಒಂದು ತುಡುವೆ ಹುಳವನ್ನು ಚಿಮುಟದಲ್ಲಿ ಹಿಡಿಯುತ್ತಾರೆ. ಮಂಡಿಚಿಪ್ಪಿನ ಪಕ್ಕದ ತಗ್ಗಿಗೆ ಅದರ ಹಿಂಭಾಗ ತಾಗಿಸುತ್ತಾರೆ. ಚುಳ್ ಅನ್ನುತ್ತದೆ. ಹುಳ ಬಿಡಿಸಿದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ, ಅದಕ್ಕಂಟಿಕೊಂಡು ಸಾಸಿವೆಗಿಂತ ಚಿಕ್ಕ ಚೀಲ. ಹುಳ ಹೋದ ಮೇಲೂ ಆ ಚೀಲ ಮಿಡಿಯುತ್ತಾ ನಂಜು ಒಳಗೆ ತಳ್ಳುತ್ತಿರುತ್ತದೆ. ಕಚ್ಚಿದ ಹುಳ ಸಾಯುತ್ತದೆ. ಇದೊಂದು ಕೊನೆಯವರೆಗೂ ಮನಸ್ಸಿಗೆ ಒಗ್ಗಲಿಲ್ಲ.

ಮೊದಲ ತಿಂಗಳು ಒಂದೊಂದೇ ಹುಳ, ಆಮೇಲೆ ನಾಲ್ಕಕ್ಕೆ ಏರಿತು. ಕಚ್ಚಿದ ದಿನ ಊತ, ಮರುದಿನ ತುರಿಕೆ. ಮೂರನೇ ದಿನದಿಂದ ಮೆಟ್ಟಿಲು ಹಗುರ. ಐದನೇ ದಿನಕ್ಕೆ ಮತ್ತೆ ಮೊದಲಿನ ಹಾಗೇ. 14 ತಿಂಗಳಲ್ಲಿ ಈ ಲೆಕ್ಕ ಬದಲಾಗಲೇ ಇಲ್ಲ. ಅಂದರೆ ಮಂಡಿ ವಾಸಿಯಾಗುತ್ತಿರಲಿಲ್ಲ, ವಾರದಲ್ಲಿ ಎರಡು ದಿನದ ಬಿಡುವು ಸಿಗುತ್ತಿತ್ತು, ಅಷ್ಟೇ.

ನಡುವೆ ಜೇನು ನಂಜಿನ ಕ್ರೀಮ್ ಕೂಡ ತರಿಸಿದ್ದೆ. ಪುದೀನಾ ವಾಸನೆ, ಹಚ್ಚಿದರೆ ತಂಪು. ನಂಜು ಎಷ್ಟಿದೆ ಅಂತ ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಸುಮ್ನೆ ದುಡ್ಡು ದಂಡ.

ನಂಜಿನಲ್ಲಿ ಏನೂ ಇಲ್ಲ ಅಂತಲ್ಲ. ಒಣಗಿಸಿ ತೂಗಿದರೆ ಅದರಲ್ಲಿ ಸುಮಾರು ಅರ್ಧ ಮೆಲಿಟಿನ್ ಎಂಬ ಪೆಪ್ಟೈಡ್, ಅಂದರೆ ಪ್ರೋಟೀನಿನಂಥ ಚಿಕ್ಕ ಅಣು. ಕಚ್ಚಿದಾಗ ಉರಿಸುವುದೂ ಅದೇ, ಲ್ಯಾಬಿನಲ್ಲಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಉರಿಯೂತ ತಗ್ಗಿಸಿದ್ದೂ ಅದೇ. ಅಡೋಲಾಪಿನ್ ಅಂತ ಇನ್ನೊಂದಿದೆ. ನಾವು ನುಂಗುವ ಐಬುಪ್ರೊಫೆನ್ ಮಾತ್ರೆ ತಡೆಯುವ ಕಿಣ್ವವನ್ನೇ ಅದೂ ತಡೆಯುತ್ತದೆ. ಆದರೆ ಲ್ಯಾಬಿನಲ್ಲಿ ಅಳೆದು ಹಾಕುತ್ತಾರೆ. ಹುಳ ಅಳೆದು ಕಚ್ಚುತ್ತದೆಯೇ? ಹುಳದ ವಯಸ್ಸು, ಕಾಲ ನೋಡಿಕೊಂಡು ನಂಜು ಹೆಚ್ಚುಕಡಿಮೆ ಆಗುತ್ತದೆ. ಮುಳ್ಳು ಎಷ್ಟು ಬೇಗ ಕಿತ್ತಿರಿ ಅನ್ನುವುದರ ಮೇಲೂ ಹೋಗುತ್ತದೆ.

ಇನ್ನು ಮೂರು ಸ್ಟಾರ್ ಹೋದ ಕಥೆ. ಜೋರು ಮಳೆಯಿಂದಾಗಿ ಆರು ವಾರ ತಪ್ಪಿತ್ತು. ಮತ್ತೆ ಹೋದ ದಿನ ಒಂದರಿಂದ ಶುರು ಮಾಡದೆ ಸೀದಾ ನಾಲ್ಕು ಹುಳ. ಐದು ನಿಮಿಷಕ್ಕೆ ಅಂಗೈ ತುರಿಸಿತು, ಆಮೇಲೆ ನೆತ್ತಿ. ಮೈಯೆಲ್ಲ ದದ್ದು. ತುಟಿ ದಪ್ಪಗಾಗಿ ಮಾತು ತೊದಲಿತು. ಜೇನಿನವರು ಶುಂಠಿ ಕಷಾಯ ಮಾಡಲು ಒಳಗೆ ಹೋದರು. ಪುಣ್ಯಕ್ಕೆ ತಂಗಿಯ ಮಗ ಜೊತೆಗಿದ್ದ, ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದ. ನಂಜಿಗೆ ಜೋರು ಅಲರ್ಜಿಯಾಗಿ ಬಿಪಿ ಕುಸಿದಿತ್ತು. ಅದಕ್ಕೆ ಕೊಡುವ ಔಷಧಿ ಅಡ್ರಿನಲಿನ್ ತೊಡೆಗೆ ಚುಚ್ಚಿದರೂ ಬಿಪಿ ಮೇಲೇಳಲಿಲ್ಲ. "ಯಾವ ಬಿಪಿ ಮಾತ್ರೆ ತಗೊಳ್ತೀರಿ?" ಅಂತ ಡಾಕ್ಟರು ಕೇಳಿದರು. ಮೆಟೊಪ್ರೊಲಾಲ್. ಅದು ಬೀಟಾ ಬ್ಲಾಕರ್, ಅಡ್ರಿನಲಿನ್‌ನ ಕೈ ಕಟ್ಟಿಹಾಕುವ ಮಾತ್ರೆ. ಎರಡನೇ ಡೋಸ್ ಕೊಟ್ಟು ರಾತ್ರಿ ಅಲ್ಲೇ ಇಟ್ಟುಕೊಂಡರು. 14 ತಿಂಗಳಲ್ಲಿ ಈ ಪ್ರಶ್ನೆಯನ್ನು ಜೇನಿನವರು ಒಮ್ಮೆಯೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಅದೂ ಸರಿ.

"ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ ಡಾಕ್ಟ್ರೇ" ಅಂದೆ. "ಇಷ್ಟು ದಿನ ಕಚ್ಚಿಸಿಕೊಂಡಿದ್ದಕ್ಕೇ ಈಗ ಆಗಿದ್ದು" ಅಂದರು. ಪದೇ ಪದೇ ನಂಜು ಹೋಗಿ ಹೋಗಿ ಮೈ ಅದನ್ನು ಶತ್ರು ಅಂತ ಗುರುತು ಹಿಡಿಯುತ್ತದಂತೆ. ಸ್ಪೇನ್‌ನಲ್ಲಿ 55ರ ಹೆಂಗಸೊಬ್ಬರು ಎರಡು ವರ್ಷ, ನಾಲ್ಕು ವಾರಕ್ಕೊಮ್ಮೆ ಇದೇ ಚಿಕಿತ್ಸೆ ತೊಂದರೆಯಿಲ್ಲದೆ ತೆಗೆದುಕೊಂಡಿದ್ದರು. ಒಂದು ದಿನ ಕಚ್ಚಿಸಿಕೊಂಡ ತಕ್ಷಣ ಉಸಿರು ಕಟ್ಟಿ ಪ್ರಜ್ಞೆ ತಪ್ಪಿತು, ಆಮೇಲೆ ತೀರಿಕೊಂಡರು. 2018ರಲ್ಲಿ ವರದಿಯಾದ ಪ್ರಕರಣ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೇನಿನವರ ಮೇಲೆ ನನಗೆ ಸಿಟ್ಟಿಲ್ಲ. "ನನಗೆ ದಿನಕ್ಕೆ ಹತ್ತು ಕಚ್ಚುತ್ತವೆ, ಏನಾಗಿದೆ ಹೇಳಿ?" ಅನ್ನುವುದು ಅವರ ಪ್ರಾಮಾಣಿಕ ನಂಬಿಕೆ. ಆದರೆ ದಿನಾ ಕಚ್ಚಿಸಿಕೊಳ್ಳುವ ಮೈ ಬೇರೆ ರೀತಿ ಪಳಗಿರುತ್ತದೆ. ಅಪರೂಪಕ್ಕೆ ಕಚ್ಚಿಸಿಕೊಳ್ಳುವ ಅವರ ಮನೆಯವರ ಮೈಗೇ ಆ ಭರವಸೆ ಇಲ್ಲ, ಇನ್ನು ನಮ್ಮದು ಯಾವ ಲೆಕ್ಕ?

ಅಷ್ಟಾದರೂ ಹೋಗುತ್ತೇನೆ ಅನ್ನುವವರು ಒಂದು ಮಾತು ಕೇಳಿ: ಅಲ್ಲಿ ಅಡ್ರಿನಲಿನ್ ಇದೆಯಾ, ಅದನ್ನು ಕೊಡಲು ಗೊತ್ತಿರುವವರು ಇದ್ದಾರಾ? ಕಷಾಯ ಇದೆ ಅಂದರೆ ವಾಪಸ್ ಬನ್ನಿ.

ನಾನೀಗ ಫಿಸಿಯೋ ಹೇಳಿಕೊಟ್ಟ ತೊಡೆಯ ವ್ಯಾಯಾಮ ಮಾಡುತ್ತಿದ್ದೇನೆ, ಮೆಟ್ಟಿಲಿಗೆ ಕೈಹಿಡಿ ಪೈಪು ಹಾಕಿಸಿದ್ದೇನೆ. ಜೇನುತುಪ್ಪ ಈಗಲೂ ಅವರ ಮನೆಯದೇ. ತರಲು ಮಾತ್ರ ಮಗಳನ್ನು ಕಳಿಸುತ್ತೇನೆ.