ಚರ್ಚ್ ರಾಗಗಳ ಹಿಂದಿನ ಜನ: ಪುಸ್ತಕ ಚೆನ್ನಾಗಿದೆ, ಅಕ್ಷರ ಸಣ್ಣ

ಚರ್ಚ್ ಹಾಡುಗಳಿಗೆ ರಾಗ ಕಟ್ಟಿದವರ ಜೀವನದ ಬಗ್ಗೆ ಇರೋ ಹಳೇ ಇಂಗ್ಲಿಷ್ ಪುಸ್ತಕ ಇದು, ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ತರಿಸಿದೆ. ಜೋಸೆಫ್ ಪ್ಯಾರಿ ಅಧ್ಯಾಯ ಒಂದಕ್ಕೇ ದುಡ್ಡು ವಸೂಲು. ವೇಲ್ಸ್‌ನಲ್ಲಿ 1841ರಲ್ಲಿ ಹುಟ್ಟಿ, ಒಂಬತ್ತು ವರ್ಷಕ್ಕೇ ಗಣಿ ಕೆಲಸಕ್ಕೆ ಹೋದ ಹುಡುಗ, ಆಮೇಲೆ ಅಮೆರಿಕದಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಲೇ ಸಂಗೀತ ಕಲಿತು, ಮುಂದೆ ವೇಲ್ಸ್‌ನ ಅಬೆರಿಸ್ಟ್‌ವಿತ್ ಕಾಲೇಜಿನಲ್ಲಿ ಸಂಗೀತದ ಪ್ರೊಫೆಸರ್ ಆದರು. ಆ ಊರಿನ ಹೆಸರಿಟ್ಟ ಅವರ ರಾಗವನ್ನು ಈಗಲೂ ಹಾಡುತ್ತಾರೆ. ಪಾದ್ರಿಯೂ ಆಗಿದ್ದ ರಾಗಕಾರ ಜಾನ್ ಡೈಕ್ಸ್ ಕಥೆಯೂ ಇದೆ: ಇಂಗ್ಲೆಂಡಿನ ಡರಮ್‌ನಲ್ಲಿ ಬಿಷಪ್ ಜೊತೆ ಜಟಾಪಟಿ, ಸಹಾಯಕ ಪಾದ್ರಿ ಸಿಗದೆ ಒದ್ದಾಟ. ಇನ್ನೊಬ್ಬ ರಾಗಕಾರ ವಿಲಿಯಂ ಮಾಂಕ್‌ಗೆ ಮಾತ್ರ ಸುಮ್ನೆ ಎರಡು ಪುಟ! ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ವರ್ಷಗಟ್ಟಲೆ ನುಡಿಸಿದ 'ಅಬೈಡ್ ವಿತ್ ಮಿ' ರಾಗ ಅವರದೇ ಅಲ್ವಾ? ಸ್ವರಲಿಪಿ ಒಂದೂ ಇಲ್ಲ, ಅಕ್ಷರಕ್ಕೆ ಭೂತಗನ್ನಡಿ ಬೇಕು. ಕಡಿಮೆ ಬೆಲೆಗೆ ಸಿಕ್ಕರೆ ತಗೊಳ್ಳಿ.